ಖಾಲಿ ಡಬ್ಬಿಯ ಭಕ್ತರು

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯಲ್ಲಿ ನನ್ನ ಸೋದರತ್ತೆಯ ಮನೆ. ಆ ಮನೆಯ ಗೋಡೆಗೂಡಿನಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇದೆ. ಅದರ ಮುಚ್ಚಳದ ಮೇಲೆ ಹಿಂದೆ ನಾಲ್ಕು ಕುದುರೆಯ ಸಾರೋಟು ಇತ್ತು. ಈಗ ಎರಡು ಕುದುರೆ ಉಳಿದಿವೆ, ಮಿಕ್ಕ ಎರಡನ್ನು ಮೂರು ತಲೆಮಾರಿನ ಕೈಗಳು ಸವೆಸಿವೆ. ಒಳಗೆ ಪಹಣಿಯ ಪ್ರತಿ, ಕಂದಾಯದ ರಸೀತಿಗಳು, ದಾರದ ಉಂಡೆ, ಯಾರದೋ ಕನ್ನಡಕದ ಮುರಿದ ಕಡ್ಡಿ. ಒಟ್ಟಿನಲ್ಲಿ ಆ ಸಂಸಾರದ ಕಛೇರಿಯೇ ಅದು.

ಈಚೆಗೆ ನನ್ನ ಅಣ್ಣನ ಮಗ ಬೆಂಗಳೂರಿನಿಂದ ಅಲ್ಲಿಗೆ ಬಂದ. ಹಳೆಯ ಡಬ್ಬಿಗಳನ್ನು ಕೂಡಿಹಾಕುವುದು ಅವನ ಹವ್ಯಾಸ. ಗೂಡನ್ನು ನೋಡಿದವನೇ ಕಣ್ಣರಳಿಸಿದ.

“ಅಜ್ಜಿ, ಈ ಡಬ್ಬಿ ನನಗೆ ಕೊಡ್ತೀರಾ? ಎರಡು ಸಾವಿರ ಕೊಡ್ತೀನಿ.”

“ಕೊಡೋಣ ಕಣಪ್ಪಾ. ಇದರೊಳಗಿರೋದನ್ನ ಎಲ್ಲಿಡಲಿ?”

ಅವನು ಸಿದ್ಧವಾಗಿಯೇ ಬಂದಿದ್ದ. ಚೀಲದಿಂದ ಹೊಸದೊಂದು ಪ್ಲಾಸ್ಟಿಕ್ ಡಬ್ಬಿ ತೆಗೆದು ಮುಂದಿಟ್ಟ. ಅತ್ತೆ ಅದನ್ನು ತಿರುಗಿಸಿ ನೋಡಿ ಹೇಳಿದಳು: “ಚೆನ್ನಾಗಿದೆ. ಇದನ್ನೇ ನೀನು ಇಟ್ಕೋ. ನಿನ್ನ ಮೊಮ್ಮಗನ ಕಾಲಕ್ಕೆ ಇದೂ ಹಳೇದಾಗತ್ತೆ.”

ಅವನು ಸೋಲಲಿಲ್ಲ. ಇನ್ನೊಂದು ಪೊಟ್ಟಣ ಬಿಚ್ಚಿದ. ಅದರಲ್ಲಿ ನಾನ್‌ಖಟಾಯಿ. “ಅಂಗಡೀದು ಅಲ್ಲ ಅಜ್ಜಿ, ಮನೆಯಲ್ಲೇ ಬೇಯಿಸಿದ್ದು. ನಮ್ಮ ಹಿಂದಿನವರು ಮಾಡ್ತಿದ್ದ ಹಾಗೆ.” ಅತ್ತೆ ನನ್ನ ಮುಖ ನೋಡಿದಳು. “ಯಾವ ಹಿಂದಿನವರು? ನಮ್ಮನೇಲಿ ಯಾರೂ ಬಿಸ್ಕತ್ತು ಮಾಡಿದ್ದು ನಾ ಕಾಣೆ. ನಾವು ಕಡುಬು ಮಾಡ್ತಿದ್ವಿ.”

ನಮ್ಮದು ತೆಲುಗಿನ ಗಡಿ. ತೆಲುಗಿನಲ್ಲಿ ಕುಡುಮು ಎಂದರೆ ಕಡುಬು. ಊರ ಹೆಸರಿನ ವ್ಯುತ್ಪತ್ತಿಯನ್ನು ಪಂಡಿತರಿಗೆ ಬಿಡೋಣ. ಗಣೇಶನ ಹಬ್ಬದ ದಿನ ಮಾತ್ರ ಆ ಹೆಸರು ನನ್ನ ಕಿವಿಗೆ ಕಡುಬಿನ ಕುಂಟೆಯೆಂದೇ ಕೇಳಿಸುತ್ತದೆ. ಅಂಥ ಊರಿನಲ್ಲಿ ಕುಳಿತು ಬಿಸ್ಕತ್ತಿನ ವಂಶಾವಳಿಯನ್ನು ಹೇಳುವವನು ಸ್ವಲ್ಪ ಎಚ್ಚರದಿಂದಿರಬೇಕು.

ಹುಡುಗನ ಮೇಲೆ ನನಗೆ ಕೋಪವಿಲ್ಲ. ನನ್ನ ಜಗಳ ಅವನ ಹಿಂದೆ ನಿಂತಿರುವ ಎರಡು ಷೋಕಿಗಳೊಡನೆ. ಒಂದು, ಮನೆಯಲ್ಲಿ ಬಿಸ್ಕತ್ತು ಬೇಯಿಸಿ ಅದಕ್ಕೆ ಪರಂಪರೆಯೆಂದು ಹೆಸರಿಡುವುದು. ಇನ್ನೊಂದು, ಹಳೆಯ ಡಬ್ಬಿಯನ್ನು ಬರಿದು ಮಾಡಿ, ತಿಕ್ಕಿ ತೊಳೆದು, ಗಾಜಿನ ಬೀರುವಿನಲ್ಲಿ ಕೂರಿಸುವುದು. ಎರಡರ ತಪ್ಪೂ ಒಂದೇ. ಹತ್ತು ಜನರ ನಡುವೆ ಬಾಳಿದ ವಸ್ತುವನ್ನು ಅದರ ಜನದಿಂದ ಬಿಡಿಸಿ ಒಬ್ಬರ ಸೊತ್ತು ಮಾಡಿಕೊಳ್ಳುವುದು, ಆಮೇಲೆ ಅದನ್ನೇ ಸಂಸ್ಕೃತಿಯೆಂದು ಕರೆಯುವುದು.

ಮೊದಲು ಬಿಸ್ಕತ್ತಿನ ಮಾತು. ನಮ್ಮ ಅಡಿಗೆಮನೆಯ ಬೆಂಕಿ ಯಾವಾಗಲೂ ಪಾತ್ರೆಯ ಕೆಳಗೆ. ಹಬೆಯಲ್ಲಿ ಬೇಯಿಸಿದೆವು, ಎಣ್ಣೆಯಲ್ಲಿ ಕರಿದೆವು, ಹಂಚಿನ ಮೇಲೆ ಸುಟ್ಟೆವು. ಸುತ್ತಲಿಂದಲೂ ಕಾವು ಕೊಡುವ ಮುಚ್ಚಿದ ಒಲೆ ನಮ್ಮ ಮನೆಗಳಲ್ಲಿ ಇರಲಿಲ್ಲ. ಮಂಗಳೂರಿನ ಕ್ಯಾಥೊಲಿಕರು ಕ್ರಿಸ್ಮಸ್ಸಿಗೆ ಮಾಡುವ ಕುಸ್ವಾರಿನಲ್ಲಿಯೂ ಕಿಡಿಯೊ, ನೆವ್ರ್ಯೊ, ಚಕ್ಕುಲಿಗಳು ಎಣ್ಣೆಯಲ್ಲಿ ಕರಿದವೇ. ಪಾತ್ರೆಯಲ್ಲಿ ಮರಳು ತುಂಬಿ, ಮುಚ್ಚಳದ ಮೇಲೆ ಕೆಂಡ ಹರವಿ ಬಿಸ್ಕತ್ತು ಬೇಯಿಸಿದ ಗೃಹಿಣಿಯರು ಇಲ್ಲವೆಂದಲ್ಲ. ಅದು ಸಾಹಸ, ಸಾಹಸವನ್ನು ಸಂಪ್ರದಾಯವೆನ್ನಲಾಗದು.

ಹಾಗಾದರೆ ನಮ್ಮ ನಾನ್‌ಖಟಾಯಿ ಎಲ್ಲಿ ಬೆಂದಿತು? ಬೀದಿಯ ಬೇಕರಿಯಲ್ಲಿ. ನಾನು ಹುಡುಗನಾಗಿದ್ದಾಗ ಅದರ ಕ್ರಮ ಹೀಗಿತ್ತು. ಮನೆಯಲ್ಲಿ ಮೈದಾ ಹಿಟ್ಟನ್ನು ಜರಡಿ ಹಿಡಿಯುವರು. ಎರಡು ಪಾಲು ಹಿಟ್ಟಿಗೆ ಒಂದು ಪಾಲು ಸಕ್ಕರೆ ಪುಡಿ, ಒಂದು ಪಾಲು ತುಪ್ಪ ಅಥವಾ ಡಾಲ್ಡಾ, ಚಿಟಿಕೆ ಸೋಡಾ, ಏಲಕ್ಕಿ. ತುಪ್ಪ ಹೆಪ್ಪುಗಟ್ಟಿರಬೇಕು, ಅದನ್ನು ಸಕ್ಕರೆಯೊಡನೆ ಬೆಳ್ಳಗಾಗುವವರೆಗೆ ಅಂಗೈಯಲ್ಲಿ ಉಜ್ಜಬೇಕು. ಕರಗಿದ ತುಪ್ಪ ಸುರಿದರೆ ಬಿಸ್ಕತ್ತು ಒಲೆಯಲ್ಲಿ ಹರಡಿ ಅಪ್ಪಳಿಸಿಬಿಡುತ್ತದೆ. ಉಂಡೆ ಕಟ್ಟಿ ಬೇಕರಿಯ ತಗಡಿನ ತಟ್ಟೆಯಲ್ಲಿ ಜೋಡಿಸಿ, ಹೆಸರಿನ ಚೀಟಿ ಇಟ್ಟು, ಮಧ್ಯಾಹ್ನ ಹುಡುಗರ ಕೈಯಲ್ಲಿ ಕಳಿಸುವರು. ತಟ್ಟೆಗೆ ಇಂತಿಷ್ಟು ಎಂದು ಕೂಲಿ.

ಮಧ್ಯಾಹ್ನವೇ ಏಕೆ? ಇದಕ್ಕೆ ಕಾರಣ ಇಟ್ಟಿಗೆಯ ಒಲೆ. ಅದರ ಒಡಲೊಳಗೇ ಸೌದೆ ಉರಿಸಿ, ಗಂಟೆಗಟ್ಟಲೆ ಇಟ್ಟಿಗೆ ಕಾಯಿಸಿ, ಬೂದಿ ಬಳಿದು ಬಾಯಿ ಮುಚ್ಚುತ್ತಾರೆ. ಆಮೇಲೆ ಕಾವು ಇಳಿಯುತ್ತ ಹೋಗುತ್ತದೆ. ಮೊದಲ ತೀಕ್ಷ್ಣ ಕಾವಿಗೆ ಬ್ರೆಡ್ಡು, ಅನಂತರ ಬನ್ನು, ಹದವಾದ ಮೇಲೆ ಬಿಸ್ಕತ್ತು, ಉಳಿದ ಬಿಸುಪಿನಲ್ಲಿ ರಸ್ಕು ಒಣಗುತ್ತದೆ. ಇಂಥ ಒಲೆಯನ್ನು ಒಂದು ಮನೆಯ ಒಂದು ಸೇರು ಹಿಟ್ಟಿಗಾಗಿ ಹಚ್ಚುವುದು ಸಾಧ್ಯವೇ ಇಲ್ಲ. ಆದರೆ ಬೀದಿಗೆಲ್ಲ ಬ್ರೆಡ್ಡು ಬೆಂದ ಮೇಲೆ ಮಿಕ್ಕ ಕಾವಿನಲ್ಲಿ ಹತ್ತು ಮನೆಯ ತಟ್ಟೆಗಳಿಗೆ ಎಡೆಯಿದೆ. ನಾನ್‌ಖಟಾಯಿ ಹಂಚಿಕೊಂಡ ಬೆಂಕಿಯ ತಿಂಡಿ. ಪರಂಪರೆ ಎಂಬ ಮಾತು ಬೇಕೇ ಬೇಕೆಂದರೆ ಅದು ಆ ಒಲೆಗೆ ಸಲ್ಲಬೇಕು.

ಚರಿತ್ರೆಯೂ ಇದನ್ನೇ ಹೇಳುತ್ತದೆ. ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಬಿಸ್ಕತ್ತಿನ ಕಾರ್ಖಾನೆ ತೆರೆದದ್ದು 1880ರಲ್ಲಿ. 1892ರಲ್ಲಿ ಕಲ್ಕತ್ತೆಯಲ್ಲಿ 295 ರೂಪಾಯಿ ಬಂಡವಾಳದಿಂದ ಹೊರಟ ಸಣ್ಣ ಉದ್ಯಮ ಮುಂದೆ ಬ್ರಿಟಾನಿಯಾ ಆಯಿತು. ಹಾಸನದ ಕಡೆಯಿಂದ ಬಂದ ಎಚ್. ಎಸ್. ತಿರುಮಲಾಚಾರ್ಯರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಬಿ. ಬಿ. ಬೇಕರಿಯನ್ನು ಇಟ್ಟರೆಂದು ಹೇಳುತ್ತಾರೆ. ನಮ್ಮ ಅಯ್ಯಂಗಾರ್ ಬೇಕರಿಗಳ ಕಥೆ ಅಲ್ಲಿಂದ ಮೊದಲಾಗುತ್ತದೆ. ಮಡಿವಂತರ ಮನೆಯವರೂ ಮೊಟ್ಟೆಯ ಅಂಜಿಕೆಯಿಲ್ಲದೆ ಕೊಳ್ಳಬಹುದಾದ ಖಾರಾ ಬಿಸ್ಕತ್ತು, ಬೆಣ್ಣೆ ಬಿಸ್ಕತ್ತುಗಳನ್ನು ಬೀದಿಬೀದಿಗೆ ತಂದವರು ಈ ಬೇಕರಿಯವರು. ಇವರಲ್ಲಿ ಯಾರೊಬ್ಬರೂ ಅಜ್ಜಿಯ ಅಡಿಗೆಮನೆಯಿಂದ ಹೊರಟವರಲ್ಲ. ಬಿಸ್ಕತ್ತು ಹುಟ್ಟಿದ್ದೇ ಅಂಗಡಿಯಲ್ಲಿ. ಅದಕ್ಕೆ ಅದರಿಂದ ಅವಮಾನವೇನೂ ಇಲ್ಲ.

“ಅಂಗಡಿಯದರಲ್ಲಿ ಏನು ಎಣ್ಣೆ ಹಾಕುತ್ತಾರೋ, ಮನೆಯದು ಶುದ್ಧ” ಎನ್ನುವವರಿದ್ದಾರೆ. ಇರಬಹುದು. ಮನೆಯಲ್ಲಿ ವಿದ್ಯುತ್ತಿನ ಒಲೆಯಿದ್ದು, ಬೇಯಿಸುವ ಸಂತೋಷವಿದ್ದವರು ಧಾರಾಳವಾಗಿ ಬೇಯಿಸಲಿ, ನಾನೂ ಕೈಚಾಚುವೆನು. ಅದರ ತಲೆಗೆ ಕಟ್ಟುವ ಪೇಟವನ್ನು ಮಾತ್ರ ನಾನು ಒಪ್ಪತಕ್ಕವನಲ್ಲ. ಏಕೆಂದರೆ ‘ಹಿಂದಿನ ಹೆಂಗಸರು ಎಲ್ಲವನ್ನೂ ಮನೆಯಲ್ಲೇ ಮಾಡುತ್ತಿದ್ದರು’ ಎಂಬ ಮಾತು ಬಿದ್ದ ಕೂಡಲೇ ಅದರ ಭಾರ ಬೀಳುವುದು ಇಂದಿನ ಹೆಂಗಸಿನ ಮೇಲೆ. ನಮ್ಮ ಹುಡುಗ “ಮನೆಯಲ್ಲೇ ಬೇಯಿಸಿದ್ದು” ಎಂದನಲ್ಲ, ಬೇಯಿಸಿದವಳು ಅವನ ಹೆಂಡತಿ. ಆರು ದಿನ ಕಛೇರಿಗೆ ಹೋಗಿ ಏಳನೆಯ ದಿನ ಒಲೆಯ ಮುಂದೆ ನಿಂತವಳು. ಹಳೆಯ ಪದ್ಧತಿಯಲ್ಲಿ ಹಿಟ್ಟು ಕಲಸುವುದರೊಂದಿಗೆ ಅವಳ ಕೆಲಸ ಮುಗಿಯುತ್ತಿತ್ತು. ತಟ್ಟೆ ಹೊರುವವನು ಹುಡುಗ, ಬೆಂಕಿ ಕಾಯುವವನು ಬೇಕರಿಯವನು. ಪರಂಪರೆಯ ಹೆಸರಿನಲ್ಲಿ ನಾವು ಅವಳಿಗೆ, ಪರಂಪರೆಯೇ ಕೊಡದಿದ್ದ ಕೆಲಸವೊಂದನ್ನು ಕೊಟ್ಟಿದ್ದೇವೆ!

ರಾಗಿ ಬಿಸ್ಕತ್ತಿನ ಮಾತೂ ಇಷ್ಟೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿತು. ಅಂಗಡಿಗಳಲ್ಲಿ ಅದಕ್ಕೆ ಒಳ್ಳೆಯ ಗಿರಾಕಿಯಿದೆ. ಒಳ್ಳೆಯ ತಿಂಡಿಯೇ. ಆದರೆ ನಮ್ಮ ಸೀಮೆಯ ರಾಗಿ ಮುದ್ದೆಯಾಯಿತು, ರೊಟ್ಟಿಯಾಯಿತು, ಅಂಬಲಿಯಾಯಿತು, ಹುರಿಹಿಟ್ಟಾಯಿತು, ಬಿಸ್ಕತ್ತಾದದ್ದು ಮೊನ್ನೆ. ಹೊಸದನ್ನು ಹೊಸದೆಂದು ಹೇಳಿ ಮಾರಲು ಸಂಕೋಚವೇಕೆ?

ಇನ್ನು ಡಬ್ಬಿಯ ಭಕ್ತರ ಸರದಿ. 1822ರಲ್ಲಿ ಇಂಗ್ಲೆಂಡಿನ ರೀಡಿಂಗ್ ಎಂಬ ಊರಿನಲ್ಲಿ ಜೋಸೆಫ್ ಹಂಟ್ಲಿ ಎಂಬಾತ ಬಿಸ್ಕತ್ತಿನ ಅಂಗಡಿ ಇಟ್ಟ. ಎದುರಿಗೇ ಸಾರೋಟುಗಳು ತಂಗುವ ಛತ್ರ. ಪ್ರಯಾಣಿಕರು ಕೊಂಡ ಬಿಸ್ಕತ್ತು ದಾರಿಯ ಕುಲುಕಾಟಕ್ಕೆ ಪುಡಿಯಾಗದಿರಲೆಂದು ತಗಡಿನ ಡಬ್ಬಿ ಬಂತು. ಮಾಡಿಕೊಟ್ಟವನು ಕಬ್ಬಿಣದ ಸಾಮಾನಿನ ವ್ಯಾಪಾರಿಯಾಗಿದ್ದ ಅವನ ಮಗ. ಮುಂದೆ ಹಂಟ್ಲಿ ಅಂಡ್ ಪಾಮರ್ಸ್ ಕಂಪನಿ ಚಿತ್ರದ ಡಬ್ಬಿಗಳನ್ನು ಲೋಕಕ್ಕೆಲ್ಲ ಹಂಚಿತು. ತಿಂಡಿ ಮುಗಿದ ಮೇಲೂ ಮನೆಯಲ್ಲಿ ಉಳಿಯುವಂತೆಯೇ ಅವುಗಳಿಗೆ ಬಣ್ಣ ಹಾಕಿದ್ದು. ನಮ್ಮಲ್ಲಿಯಂತೂ ಬಿಸ್ಕತ್ತಿನ ಡಬ್ಬಿಗೆ ಬಿಸ್ಕತ್ತು ಕೇವಲ ಬಾಲ್ಯ. ಆಮೇಲೆ ಅದು ಕೋಡುಬಳೆಯದು, ಗುಂಡಿ-ಸೂಜಿಯದು, ಕಾಗದಪತ್ರದ್ದು. ಹಳದಿಯ ಡಾಲ್ಡಾ ಡಬ್ಬಿ ಬೇಳೆಗಾಗಿ, ಕೊನೆಗೆ ತಳ ತೂತಾದ ಮೇಲೆ ತುಳಸಿಗೆ ಕುಂಡವಾಗಿ ಸದ್ಗತಿ ಪಡೆಯುತ್ತಿತ್ತು.

ಸಂಗ್ರಹಕಾರ ಕೊಳ್ಳುವುದು ಈ ಬಾಳನ್ನಲ್ಲ, ಚಿತ್ರವನ್ನು. ಗೀರು ಇದ್ದರೆ ಬೆಲೆ ಕಡಮೆ, ಸವೆದಿದ್ದರೆ ಬೇಡವೇ ಬೇಡ. ಎಂದರೆ, ಯಾರ ಮನೆಯಲ್ಲಿಯೂ ಉಪಯೋಗವಾಗದ ಡಬ್ಬಿಯೇ ಅತ್ಯುತ್ತಮ ಡಬ್ಬಿ! ಅವನು ತುಕ್ಕು ತಿಕ್ಕುವ ಭರದಲ್ಲಿ ಬಣ್ಣವನ್ನೂ ತಿಕ್ಕುತ್ತಾನೆ. ಕಬ್ಬಿಣದ ತಗಡಿನ ಮೇಲಿನ ತವರದ ತೆಳು ಲೇಪವೂ ಹೋಗಿ ಮುಂದಿನ ಮಳೆಗಾಲಕ್ಕೆ ಇನ್ನಷ್ಟು ತುಕ್ಕು ಬರುತ್ತದೆ.

ಸಂಗ್ರಹವೆಲ್ಲ ಪಾಪವೆಂದು ನಾನು ಹೇಳಲಿಲ್ಲ. ರೀಡಿಂಗಿನ ಕಾರ್ಖಾನೆಯಲ್ಲಿ 1976ರಲ್ಲಿ ಬಿಸ್ಕತ್ತು ತಯಾರಿಕೆ ನಿಂತಿತು. ಆ ಊರಿನ ವಸ್ತುಸಂಗ್ರಹಾಲಯ ಇಂದು ಡಬ್ಬಿಗಳನ್ನು ಕಾಪಾಡುತ್ತಿದೆ. ಅದು ಊರು ತನ್ನ ದುಡಿಮೆಯನ್ನು ನೆನೆಯುವ ರೀತಿ. ಹಳೆಯ ಡಬ್ಬಿಯ ಬೆಸುಗೆಯಲ್ಲಿ, ಬಣ್ಣದಲ್ಲಿ ಸೀಸವಿರಬಹುದು. ಅದರಲ್ಲಿ ತಿಂಡಿ ಇಡಬಾರದೆಂಬುದೂ ನಿಜ. ಗುಂಡಿ ಇಡಿ, ದಾರ ಇಡಿ. ಕೊಳ್ಳಲೇಬೇಕೆಂದರೆ ಒಂದು ಚೀಟಿ ಬರೆದಿಡಿ: ಇದು ಯಾವ ಊರಿನದು, ಯಾರ ಮನೆಯದು, ಒಳಗೆ ಏನಿತ್ತು. ಆ ಚೀಟಿಯಿಲ್ಲದ ಡಬ್ಬಿ ಬರಿಯ ತಗಡು.

ಈಗ ಕುಡುಮಲಕುಂಟೆಯಲ್ಲಿ ಕೈಗಾರಿಕಾ ಪ್ರದೇಶವಿದೆ. ಪಾಳಿ ಮುಗಿಸಿ ಹೊರಟ ಹುಡುಗಿಯರು, ಹುಡುಗರು ರಸ್ತೆಬದಿಯಲ್ಲಿ ನಿಂತು ಟೀ ಕುಡಿಯುತ್ತ ಗಾಜಿನ ಭರಣಿಯಿಂದ ಎರಡು ಬಿಸ್ಕತ್ತು ತೆಗೆದುಕೊಳ್ಳುತ್ತಾರೆ. ಪ್ರಯಾಣಿಕರ, ದಣಿದವರ ಈ ತಿಂಡಿ ತನ್ನ ಕುಲಧರ್ಮವನ್ನು ಅಲ್ಲಿ ಬಿಟ್ಟಿಲ್ಲ. ಅದನ್ನು ಮಾಡುವ ಸಣ್ಣ ಬೇಕರಿಯ ಕಡೆ ನಮ್ಮ ಪರಂಪರೆಯ ಅಭಿಮಾನಿಗಳ ಕಣ್ಣು ಹೊರಳುವುದಿಲ್ಲ. ನಾನು ತಟ್ಟೆ ಹೊತ್ತ ಆ ಬೇಕರಿಯ ಒಲೆ ಈಗಿಲ್ಲ. ಅದನ್ನು ಕೆಡವಿದ ದಿನ ಒಬ್ಬ ಸಂಗ್ರಹಕಾರನೂ ಬರಲಿಲ್ಲ. ಇಟ್ಟಿಗೆಗೆ ಚಿತ್ರವಿರಲಿಲ್ಲ ನೋಡಿ.

ಆದ್ದರಿಂದ ನನ್ನ ಬಿನ್ನಹ ಇಷ್ಟೆ. ನಿಮ್ಮ ಪೇಟೆಯಲ್ಲಿ ಇಟ್ಟಿಗೆ ಒಲೆಯ ಬೇಕರಿ ಇನ್ನೂ ಉಳಿದಿದ್ದರೆ, ಬರುವ ಭಾನುವಾರ ಒಂದು ತಟ್ಟೆ ಹಿಟ್ಟು ಒಯ್ದು, ಬೇಯಿಸಿಕೊಡುವಿರಾ ಎಂದು ಕೇಳಿ. ಕೂಲಿ ಕೊಡಿ. ನಾಲ್ಕು ಮನೆಯವರು ಕೇಳಿದರೆ ಅವನಿಗೂ ಆ ಒಲೆಯ ಮೇಲೆ ನಂಬಿಕೆ ಬಂದೀತು.

ಕುಡುಮಲಕುಂಟೆಯ ಮಾತು ಮುಗಿಸಿಬಿಡುತ್ತೇನೆ. ಹುಡುಗನ ಮುಖ ಚಿಕ್ಕದಾದದ್ದನ್ನು ಕಂಡು ಅತ್ತೆ ಒಂದು ನಾನ್‌ಖಟಾಯಿ ತೆಗೆದುಕೊಂಡು, ಇರುವ ಹಲ್ಲಿನಲ್ಲಿ ಮೆಲ್ಲಗೆ ಕಡಿದಳು. ಕಣ್ಣುಮುಚ್ಚಿ ತಿಂದಳು. “ಬಹಳ ಚೆನ್ನಾಗಿದೆ ಕಣಪ್ಪಾ. ನಿನ್ನ ಹೆಂಡತೀಗೆ ಹೇಳು,” ಎಂದಳು, “ಥೇಟ್ ಅಂಗಡೀದರ ಹಾಗೇ ಇದೆ.”