ಸಣ್ಣ ಕಾಲೇಜಿನಲ್ಲಿ ವಿದ್ಯುದ್ವಿದ್ಯೆ

ವಾಚಕರೊಬ್ಬರು ಕಾಗದ ಬರೆದಿರುವರು. ಅವರ ಮೊಮ್ಮಗಳು ಎಲೆಕ್ಟ್ರಿಕಲ್ ಮತ್ತು ಕಂಪ್ಯೂಟರ್ ಎಂಜಿನಿಯರಿಂಗನ್ನು ವ್ಯಾಸಂಗಮಾಡಲು ಅಮೆರಿಕೆಗೆ ಹೋಗಬಯಸಿರುವಳಂತೆ. ಅವಳು ಆರಿಸಿಕೊಂಡಿರುವುದು ನ್ಯೂಯಾರ್ಕ್ ಸಂಸ್ಥಾನದ ಸ್ಕೆನೆಕ್ಟಡಿ ಪಟ್ಟಣದ ಯೂನಿಯನ್ ಕಾಲೇಜು. ಹೆಸರೇ ಕೇಳದ ಸಣ್ಣ ಸ್ಥಳಕ್ಕೆ ಮನೆಯನ್ನು ಒತ್ತೆಯಿಟ್ಟು ಕಳುಹಿಸಬೇಕೆ ಎಂಬುದು ಅಜ್ಜನವರ ಚಿಂತೆ.

ಸಣ್ಣದೆಂಬುದು ನಿಜ. 1795ರಲ್ಲಿ ಸ್ಥಾಪಿತವಾದ ಆ ಕಾಲೇಜಿನಲ್ಲಿ ಇಂದಿಗೂ ವಿದ್ಯಾರ್ಥಿಗಳ ಸಂಖ್ಯೆ ಎರಡು ಸಾವಿರದ ಆಸುಪಾಸು. ಆದರೆ ಮೈಸೂರು ಸೀಮೆಗೂ ಆ ಪಟ್ಟಣಕ್ಕೂ ಹಳೆಯ ನಂಟುಂಟು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ತೊಂಬತ್ತು ಮೈಲಿಗೂ ಹೆಚ್ಚು ದೂರ ತಂತಿಯೆಳೆದು ವಿದ್ಯುತ್ತನ್ನು ಸಾಗಿಸಿದರಷ್ಟೆ; ಅದಕ್ಕೆ ವಿದ್ಯುದ್ಯಂತ್ರಗಳನ್ನೊದಗಿಸಿದ ಜನರಲ್ ಎಲೆಕ್ಟ್ರಿಕ್ ಕಂಪನಿಯು ಸ್ಕೆನೆಕ್ಟಡಿಯದೇ. ಅದೇ ವರ್ಷ ಆ ಕಂಪನಿಯ ಹಿರಿಯ ಎಂಜಿನಿಯರಾದ ಚಾರ್ಲ್ಸ್ ಸ್ಟೈನ್‌ಮೆಟ್ಸನು ಯೂನಿಯನ್ ಕಾಲೇಜಿನಲ್ಲಿ ವಿದ್ಯುದ್ವಿದ್ಯೆಯ ಆಚಾರ್ಯನಾದನು.

ಈತನು ಕುಳ್ಳ, ಹುಟ್ಟುಗೂನ. ಜರ್ಮನಿಯಲ್ಲಿ ಹುಟ್ಟಿ, ರಾಜಕೀಯ ಅಭಿಪ್ರಾಯಗಳ ದೆಸೆಯಿಂದ ಊರು ಬಿಟ್ಟು, 1889ರಲ್ಲಿ ಅಮೆರಿಕೆಗೆ ಬಂದವನು. ನಮ್ಮ ಮನೆಗಳಲ್ಲಿ ಹರಿಯುವ ವಿದ್ಯುತ್ಪ್ರವಾಹವು ಒಂದು ಸೆಕೆಂಡಿನಲ್ಲಿ ಐವತ್ತು ಸಲ ಹಿಂದುಮುಂದಾಗಿ ಓಲಾಡುವುದು. ಇಂಥ ಪ್ರವಾಹದ ಲೆಕ್ಕವು ಹಿಂದೆ ಮಹಾಪಂಡಿತರಿಗೂ ತಲೆನೋವಾಗಿದ್ದಿತು. ಋಣ ಒಂದರ ವರ್ಗಮೂಲವನ್ನು ಬಳಸಿಕೊಂಡರೆ ಅದು ಸಾಮಾನ್ಯ ಬೀಜಗಣಿತಕ್ಕೆ ಇಳಿದುಬರುವುದೆಂದು ಸ್ಟೈನ್‌ಮೆಟ್ಸನು 1893ರಲ್ಲಿ ತೋರಿಸಿಕೊಟ್ಟನು. ಇಂದಿಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಲಿಯುವುದು ಆ ಕ್ರಮವನ್ನೇ.

ವಿದ್ಯುತ್ತಿಗೂ ಕಂಪ್ಯೂಟರಿಗೂ ಏನು ಸಂಬಂಧವೆಂದೂ ಅಜ್ಜನವರು ಕೇಳಿರುವರು. ಎರಡು ಸ್ವಿಚ್ಚುಗಳನ್ನು ಒಂದರ ಹಿಂದೊಂದು ಜೋಡಿಸಿದರೆ ಎರಡನ್ನೂ ಹಾಕಿದಾಗ ಮಾತ್ರ ದೀಪ ಹೊತ್ತುವುದು. ಅಕ್ಕಪಕ್ಕದಲ್ಲಿ ಜೋಡಿಸಿದರೆ ಒಂದನ್ನು ಹಾಕಿದರೂ ಸಾಕು. ಮೊದಲನೆಯದು ನಮ್ಮ ಮಾತಿನ ‘ಮತ್ತು’, ಎರಡನೆಯದು ‘ಅಥವಾ’. ಹೀಗೆ ತಂತಿಯ ಜೋಡಣೆಯಿಂದಲೇ ತರ್ಕವನ್ನು ನಡೆಸಬಹುದೆಂದು ಕ್ಲಾಡ್ ಶ್ಯಾನನ್ ಎಂಬ ತರುಣನು 1937ರಲ್ಲಿ ತನ್ನ ಪದವಿಯ ಪ್ರಬಂಧದಲ್ಲಿ ವಿವರಿಸಿದನು. ಕಂಪ್ಯೂಟರೆಂದರೆ ಅಂಥ ಸೂಕ್ಷ್ಮ ಸ್ವಿಚ್ಚುಗಳ ಕೋಟಿಗಟ್ಟಲೆ ಸಮೂಹವೇ. ಲಘು ಗುರುಗಳೆರಡರಿಂದಲೇ ಮೂರಕ್ಷರದ ಎಂಟು ಗಣಗಳನ್ನು ಪ್ರಸ್ತಾರಮಾಡಿದ ಪಿಂಗಲನ ಶಾಸ್ತ್ರವನ್ನು ಓದಿದವರಿಗೆ ಇದು ಅಷ್ಟೇನೂ ಅಪರಿಚಿತವಾಗಿ ತೋರದು. ಹಾಗೆಂದು ನಮ್ಮವರೇ ಕಂಪ್ಯೂಟರನ್ನು ಕಂಡುಹಿಡಿದರೆಂದು ಬೀಗುವವರ ಗುಂಪಿಗೆ ನಾನು ಸೇರಿದವನಲ್ಲ.

ಇನ್ನು ಸಣ್ಣ ಕಾಲೇಜಿನ ವಿಚಾರ. ದೊಡ್ಡ ವಿಶ್ವವಿದ್ಯಾನಿಲಯಗಳಲ್ಲಿ ನೂರಾರು ಮಂದಿಯ ತರಗತಿಗೆ ಆಚಾರ್ಯರು ಉಪನ್ಯಾಸ ಮಾಡಿ ಹೋಗುವರು. ಪ್ರಯೋಗಶಾಲೆಯನ್ನು ನೋಡಿಕೊಳ್ಳುವವರು ಅನೇಕವೇಳೆ ಸಂಶೋಧನೆಯಲ್ಲಿ ತೊಡಗಿದ ಹಿರಿಯ ವಿದ್ಯಾರ್ಥಿಗಳು. ಯೂನಿಯನ್ ಕಾಲೇಜಿನಲ್ಲಿ ಡಾಕ್ಟರೇಟಿಗೆ ಓದುವ ಬಳಗವೇ ಇಲ್ಲವಾದುದರಿಂದ ಉಪಕರಣಗಳೂ ಅಧ್ಯಾಪಕರ ವೇಳೆಯೂ ಕಿರಿಯರ ಪಾಲಿಗೆ ಬರುವುವು. ಹುಡುಗಿಯು ಜೋಡಿಸಿದ ಮಂಡಲದಲ್ಲಿ ತಪ್ಪಿದ್ದರೆ ಅದನ್ನು ಹೆಸರು ಬಲ್ಲ ಗುರುವೇ ಪಕ್ಕದಲ್ಲಿ ನಿಂತು ತೋರಿಸುವನು. ಶಿಷ್ಯನಿಗೆ ನಮ್ಮವರು ಅಂತೇವಾಸಿಯೆಂದು ಹೆಸರಿಟ್ಟುದು ಸುಮ್ಮನೆ ಅಲ್ಲ. ವರ್ಷಕ್ಕೊಮ್ಮೆ ಅಲ್ಲಿ ಸ್ಟೈನ್‌ಮೆಟ್ಸನ ಹೆಸರಿನಲ್ಲಿಯೇ ಸಭೆ ಸೇರಿ ವಿದ್ಯಾರ್ಥಿಗಳು ತಾವು ಸ್ವಂತವಾಗಿ ಮಾಡಿದ ಕೆಲಸವನ್ನು ನಿರೂಪಿಸುವರು.

ಕೊರತೆಯೂ ಉಂಟು. ಅಧ್ಯಾಪಕರು ಕೆಲವರೇ ಆದುದರಿಂದ ಸಣ್ಣ ಕಾಲೇಜಿನಲ್ಲಿ ಐಚ್ಛಿಕ ವಿಷಯಗಳು ಕಡಮೆ. ಬಯಸಿದ ಪಾಠವು ಬಯಸಿದ ವರ್ಷ ನಡೆಯದೆ ಹೋಗಬಹುದು. ಕೋಟ್ಯಂತರ ರೂಪಾಯಿ ಬೆಲೆಯ ಯಂತ್ರಗಳನ್ನು ಅಲ್ಲಿ ನಿರೀಕ್ಷಿಸಬಾರದು.

ಹಣದ ಮಾತಿಗೆ ಬಂದರೆ, ಬೋಧನಶುಲ್ಕವೊಂದೇ ವರ್ಷಕ್ಕೆ ಅರುವತ್ತು ಸಾವಿರ ಡಾಲರುಗಳಿಗೆ ಮೇಲ್ಪಟ್ಟಿದೆ. ಇದಕ್ಕಾಗಿ ಮನೆಯನ್ನು ಒತ್ತೆಯಿಡುವುದು ನನಗೆ ಸರ್ವಥಾ ಸಮ್ಮತವಲ್ಲ. ವಿದ್ಯಾರ್ಥಿವೇತನವು ವೆಚ್ಚದ ಬಹುಭಾಗವನ್ನು ಭರಿಸುವುದಾದರೆ ಮಗುವನ್ನು ತಡೆಯಬೇಡಿರಿ. ಇಲ್ಲವಾದರೆ ಗುರುವು ಕೈಗೆಟುಕುವ ಕಾಲೇಜನ್ನು ನಮ್ಮ ನಾಡಿನಲ್ಲಿಯೇ ಹುಡುಕಿರಿ. ನಾಲ್ಕು ವರ್ಷಗಳಿಗೂ ಎಷ್ಟು ಸಹಾಯ ದೊರೆಯುವುದು, ಪ್ರತಿ ಐಚ್ಛಿಕ ಪಾಠವು ಎಷ್ಟು ವರ್ಷಕ್ಕೊಮ್ಮೆ ನಡೆಯುವುದು, ಪ್ರಯೋಗಶಾಲೆಯಲ್ಲಿ ಒಬ್ಬ ಅಧ್ಯಾಪಕನಿಗೆ ಎಷ್ಟು ಮಂದಿ—ಈ ಮೂರನ್ನು ಅವಳು ತಾನೇ ಬರೆದು ಕೇಳಲಿ. ಉತ್ತರ ಬಂದ ಮೇಲೆ ಅಜ್ಜನವರು ಮತ್ತೊಂದು ಕಾಗದ ಹಾಕಬಹುದು.