ಕೊನೇ ಸಾಲಿನ ಸೆಕೆ

ವ್ಯಾನಿನ ಎಸಿ ಸರಿಯಿದೆಯಾ ಅಂತ ಡ್ರೈವರ್‌ನ ಕೇಳಬೇಡಿ. ಅವನಿಗೆ ಚಳಿಯೇ ಆಗ್ತಿರುತ್ತೆ. ಕೇಳಬೇಕಾದದ್ದು ಕೊನೇ ಸಾಲಿನಲ್ಲಿ ಕೂತವರನ್ನ. ನಮ್ಮ ಮನೆಗಳಲ್ಲಿ ಅಲ್ಲಿ ಕೂರೋದು ಯಾರು ಹೇಳಿ? ಅಜ್ಜಿ, ಅತ್ತೆ, ಮಕ್ಕಳು. ಸೆಕೆ ಅಂತ ಬಾಯಿಬಿಡದವರು, ಬಿಟ್ಟರೂ ಯಾರೂ ಕಿವಿಗೆ ಹಾಕಿಕೊಳ್ಳದವರು.

ನಮ್ಮೂರು ಎಚ್.ಡಿ. ಕೋಟೆ ತಾಲ್ಲೂಕಿನ ಹಂಪಾಪುರ, ಮೈಸೂರಿಂದ ಮಾನಂದವಾಡಿಗೆ ಹೋಗೋ ರಸ್ತೇಲಿ ಸಿಗುತ್ತೆ. ಅಲ್ಲಿ ನಮ್ಮ ಚಿಕ್ಕಪ್ಪ ಒಂದು ಸೆಕೆಂಡ್ ಹ್ಯಾಂಡ್ ವ್ಯಾನ್ ತಗೊಂಡು, ಒಳಗೆ ಮಡಚೋ ಮಂಚ, ಒಲೆ, ನೀರಿನ ಟ್ಯಾಂಕ್ ಎಲ್ಲಾ ಹಾಕಿಸಿದ್ದಾರೆ. (ಇಂಥ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. ಕೈಹಾಕೋ ಮುಂಚೆಯೇ ಕೇಳಿಕೊಳ್ಳಿ.) ಬೇಸಿಗೆ ರಜೇಲಿ ಎಲ್ಲರೂ ಧರ್ಮಸ್ಥಳಕ್ಕೆ ಹೋಗಿಬಂದೆವು. ಇಳಿದ ಮೇಲೆ ಅಜ್ಜಿ ಹೇಳಿದ್ದು ಒಂದೇ ಮಾತು: "ಇನ್ ನಾನ್ ಬರಕಿಲ್ಲ ಕನ್ ಮಗ. ನೀವೇ ಹೋಗ್ಬನ್ನಿ."

ಅಜ್ಜಿಗೆ 76. ಬಿಪಿಗೆ ಅಂತ ತಗೊಳ್ಳೋ ಮಾತ್ರೆ ಮೈಯ ನೀರನ್ನ ಹೊರಹಾಕೋ ಥರದ್ದು. ದಾರೀಲಿ ಸರಿಯಾದ ಶೌಚಾಲಯ ಸಿಗಲ್ಲ ಅಂತ ನೀರು ಬೇರೆ ಕುಡಿಯಲ್ಲ. ಇದರ ಮೇಲೆ ನಾಲ್ಕೈದು ಗಂಟೆ ಸೆಕೆ. ವಯಸ್ಸಾದವರು ತಲೆ ಸುತ್ತಿ ಬೀಳೋಕೆ ಇನ್ನೇನು ಬೇಕು? ಅವರು ಮುನಿಸಿಕೊಂಡಿರಲಿಲ್ಲ, ಹೆದರಿದ್ದರು.

ಮುಂದಿನ ವಾರ ಎರಡು ಅಗ್ಗದ ಥರ್ಮಾಮೀಟರ್ ತಂದು ಅಂತರಸಂತೆ ಕಡೆ ಒಂದು ರೌಂಡ್ ಹೋದೆವು. ಮಧ್ಯಾಹ್ನ ಒಂದು ಗಂಟೆ, ಎಸಿ ಫುಲ್. ಡ್ರೈವರ್ ಪಕ್ಕ 25 ಡಿಗ್ರಿ. ಕೊನೇ ಸಾಲಲ್ಲಿ, ಅಜ್ಜಿ ತಲೆ ಇರೋ ಎತ್ತರದಲ್ಲಿ, 34. "ಗ್ಯಾಸ್ ಕಮ್ಮಿ ಆಗಿರಬೇಕು ಕನಪ್ಪ" ಅಂದರು ಚಿಕ್ಕಪ್ಪ. ಗ್ಯಾಸ್ ಕಮ್ಮಿ ಆಗಿದ್ದರೆ ಮುಂದೆ 25 ಎಲ್ಲಿಂದ ಬರಬೇಕು?

ವಿಷಯ ಇಷ್ಟೇ. ಗಾಳಿಯನ್ನ ತಣ್ಣಗೆ ಮಾಡೋ ಕಾಯಿಲ್ ಇರೋದು ಡ್ಯಾಶ್‌ಬೋರ್ಡ್ ಒಳಗೆ. ಅಲ್ಲಿಂದ ಹೊರಟ ತಂಪು ಹಿಂದಕ್ಕೆ ಬರೋದ್ರೊಳಗೆ ಮುಂದಿನವರೆಲ್ಲ ಹಂಚಿಕೊಂಡಿರ್ತಾರೆ. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈಯಿಂದಲೇ ಸುಮಾರು 100 ವಾಟ್ ಶಾಖ ಬರುತ್ತೆ. ಹತ್ತು ಜನ ಅಂದರೆ ಒಂದು ರೂಮ್ ಹೀಟರ್.

ಇದಕ್ಕಿಂತ ದೊಡ್ಡ ಹೀಟರ್ ತಲೆ ಮೇಲಿದೆ. ಯುರೋಪಿನವರ ವ್ಯಾನ್ ವಿಡಿಯೋ ನೋಡಿ, ಕಿಟಕಿ ಪರದೆ ಬಗ್ಗೆ ತುಂಬಾ ಮಾತಾಡ್ತಾರೆ. ಅವರಲ್ಲಿ ಬಿಸಿಲು ಓರೆಯಾಗಿ ಬೀಳುತ್ತೆ, ಅವರಿಗೆ ಅದು ಸರಿ. ಹಂಪಾಪುರ ಇರೋದು ಸುಮಾರು 12 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ 20 ದಾಟುತ್ತಿದ್ದಂತೆ ಮಟಮಟ ಮಧ್ಯಾಹ್ನ ಸೂರ್ಯ ನೆಟ್ಟಗೆ ನೆತ್ತಿ ಮೇಲೆ, ನಮ್ಮ ನೆರಳು ನಮ್ಮ ಕಾಲಡಿಗೇ ಬೀಳೋ ದಿನಗಳು. ಆಗ ಚದರ ಮೀಟರಿಗೆ ಹತ್ತಿರ ಹತ್ತಿರ 1000 ವಾಟ್ ಬಿಸಿಲು. ವ್ಯಾನಿನ ಚಾವಣಿ 8 ಚದರ ಮೀಟರ್ ಅಂದುಕೊಂಡರೂ 8 ಕಿಲೋವಾಟ್. ಬಿಳೀ ಚಾವಣಿ ಇದರಲ್ಲಿ ಬಹುಪಾಲನ್ನ ವಾಪಸ್ ಕಳಿಸುತ್ತೆ. ಚಿಕ್ಕಪ್ಪನ ವ್ಯಾನು ಕಡುನೀಲಿ.

ಹಾಗಾಗಿ ಮೊದಲು ಚಾವಣಿ, ಆಮೇಲೆ ಎಸಿ. ಒಳಗಿನ ಲೈನಿಂಗ್ ಬಿಚ್ಚಿಸಿ, ತಗಡಿಗೆ ಫೋಮ್ ಶೀಟ್ ಅಂಟಿಸಿ, ಅದರ ಹೊಳೆಯೋ ಫಾಯಿಲ್ ಮುಖ ಕೆಳಗೆ ಬರೋ ಹಾಗೆ ಮಾಡಿ, ಒಂದು ಬೆರಳಷ್ಟು ಖಾಲಿ ಜಾಗ ಬಿಟ್ಟು ಮತ್ತೆ ಲೈನಿಂಗ್ ಹಾಕಿಸಿದೆವು. ಆ ಖಾಲಿ ಜಾಗಕ್ಕೆ ಮೆಕ್ಯಾನಿಕ್ ಒಪ್ಪಲೇ ಇಲ್ಲ, ಒತ್ತಿ ಅಂಟಿಸಿದರೆ ಗಟ್ಟಿ ಅಂತ ವಾದ. ಆದರೆ ಎರಡೂ ಕಡೆ ಒತ್ತಿಬಿಟ್ಟ ಫಾಯಿಲ್ ಶಾಖವನ್ನ ತಡೆಯಲ್ಲ, ದಾಟಿಸುತ್ತೆ. ಅದರ ಎದುರು ಗಾಳಿ ಇದ್ದರೆ ಮಾತ್ರ ಅದಕ್ಕೆ ಕೆಲಸ. ಹೆಂಚಿನ ಮನೇಲಿ ಅಟ್ಟ ಇದ್ದರೆ ಕೆಳಗೆ ತಂಪಾಗಿರುತ್ತಲ್ಲ, ಅದೇ ಲೆಕ್ಕ ಅಂತ ಚಿಕ್ಕಪ್ಪನೇ ಅವನಿಗೆ ಒಪ್ಪಿಸಿದರು.

ಇಷ್ಟಕ್ಕೇ ಹಿಂದಿನ 34 ಇಳಿದು 30ಕ್ಕೆ ಬಂತು. ಆಮೇಲೆ ಮುಂದಿನ ತಣ್ಣನೆ ಗಾಳಿಯನ್ನ ಹಿಂದಕ್ಕೆ ಎಳೆಯೋ ಎರಡು ಸಣ್ಣ ಫ್ಯಾನು. ನೀವು ಹೊಸದಾಗಿ ವ್ಯಾನ್ ನೋಡ್ತಿದ್ದರೆ ಹಿಂದೆ ಬ್ಲೋವರ್ ಇದೆಯಾ ಅಂತ ಕೇಳಿದರೆ ಸಾಲದು. ಹಿಂದಕ್ಕೇ ಬೇರೆ ಕೂಲಿಂಗ್ ಕಾಯಿಲ್ ಇದೆಯಾ ಅಂತ ಕೇಳಿ. ಬರೀ ಫ್ಯಾನ್ ಆದರೆ ಇರೋ ಗಾಳಿಯನ್ನೇ ತಿರುಗಿಸುತ್ತೆ.

ದುಡ್ಡು ಖರ್ಚಿಲ್ಲದ್ದೂ ಇದೆ. ಬಿಸಿಲಲ್ಲಿ ನಿಂತಿದ್ದ ವ್ಯಾನನ್ನ ಮೊದಲೆರಡು ನಿಮಿಷ ಎಲ್ಲ ಕಿಟಕಿ ತೆಗೆದು ಓಡಿಸಿ, ಒಳಗಿನ ಬಿಸಿ ಹೋಗಲಿ. ಆಮೇಲೆ ಒಳಗಿನ ಗಾಳಿಯೇ ಸುತ್ತೋ ಬಟನ್ ಒತ್ತಿ. ಮುಂದಿನ ವೆಂಟ್‌ಗಳನ್ನ ನಿಮ್ಮ ಎದೆಗಲ್ಲ, ಸೀಟುಗಳ ಮಧ್ಯದಿಂದ ಚಾವಣಿ ಕಡೆ ತಿರುಗಿಸಿ. ತಣ್ಣನೆ ಗಾಳಿ ಭಾರ, ಮುಂದೆಯೇ ಕೆಳಗಿಳಿದರೆ ಹಿಂದಕ್ಕೆ ಹೋಗಲ್ಲ. ಜನ ಜಾಸ್ತಿ ಇದ್ದರೆ ಆಗಾಗ ಹೊರಗಿನ ಗಾಳಿ ಬಿಡಿ, ಇಲ್ಲಾಂದ್ರೆ ತೂಕಡಿಕೆ. ಕಿಟಕಿಗೆ ಕಪ್ಪು ಫಿಲ್ಮ್ ಬೇಡ, ಸುಪ್ರೀಂ ಕೋರ್ಟ್ 2012ರಲ್ಲೇ ಬೇಡ ಅಂದಿದೆ.

ರಾತ್ರಿ ನಿಲ್ಲಿಸಿ ಮಲಗೋದು ಬೇರೆಯದೇ ಕಥೆ. ಇಲ್ಲಿ ಮಾತ್ರ ನಾನು ಹಟ ಹಿಡೀತೀನಿ: ಎಂಜಿನ್ನಾಗಲಿ ಜನರೇಟರ್ರಾಗಲಿ ಓಡಿಸಿಕೊಂಡು ಎಸಿಯಲ್ಲಿ ಮಲಗಬೇಡಿ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನಿನೊಳಗೆ ಇಬ್ಬರ ಹೆಣ ಸಿಕ್ಕಿತು. ಜನರೇಟರಿನ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಿತ್ತು. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಬ್ಯಾಟರಿಯಲ್ಲಿ ಎಸಿ ಓಡಿಸೋಣ ಅಂದರೆ, ಸಾವಿರ ವಾಟ್ ಎಸಿಗೆ 12 ವೋಲ್ಟಿನ 100 ಆಂಪಿಯರ್ ಅವರ್ ಬ್ಯಾಟರಿ ಒಂದು ಗಂಟೆ ಬಂದರೆ ಹೆಚ್ಚು. ಅದೇ ಬ್ಯಾಟರಿಯಲ್ಲಿ 40 ವಾಟಿನ ಫ್ಯಾನು ಇಡೀ ರಾತ್ರಿ ತಿರುಗುತ್ತೆ. ಸೊಳ್ಳೆ ಪರದೆ ಹಾಕಿ, ಕಿಟಕಿ ತೆಗೀರಿ, ಫ್ಯಾನ್ ಹಾಕಿ.

ಈಗ ಅಜ್ಜಿ ಸೀಟು ಡ್ರೈವರ್ ಹಿಂದಿನ ಸಾಲಿಗೆ ಬಂದಿದೆ. ಕೊನೇ ಸಾಲಲ್ಲಿ ನಾನು, ನನ್ನ ತಮ್ಮ. ಗಂಟೆಗೊಂದು ಸಲ ಪೆಟ್ರೋಲ್ ಬಂಕಲ್ಲಿ ನಿಲ್ಲಿಸ್ತೀವಿ ಅಂತ ಮಾತು ಕೊಟ್ಟ ಮೇಲೆ ನೀರೂ ಕುಡೀತಾರೆ. ಮೊನ್ನೆ ಊಟಕ್ಕೆ ಅಂತ ಒಂದು ಒಳ್ಳೇ ನೆರಳು ನೋಡಿ ವ್ಯಾನ್ ನಿಲ್ಲಿಸಿದರೆ ಅಜ್ಜಿ ಇಳಿಯಲೇ ಇಲ್ಲ. "ಹುಣಸೇ ಮರ ಕನ್ರೋ, ಮುಂದಕ್ಕೆ ನಡೀರಿ. ಹೊಂಗೆ ಮರ ಸಿಗ್ತದೆ."