ತೊಟ್ಟಿಯೊಳಗಿನ ಆಮೆ

ಅತ್ತಿಗುಪ್ಪೆಯ ನಮ್ಮ ಬೀದಿಯ ಹುಡುಗನೊಬ್ಬ ಗಾಜಿನ ತೊಟ್ಟಿಯಲ್ಲಿ ಎರಡು ಕೆಂಪುಕಿವಿ ಆಮೆಗಳನ್ನು ಸಾಕಿದ್ದಾನೆ. ಒಂದು ಆಹಾರ ಬಿಟ್ಟು ಸೊರಗಿತ್ತು. "ಸರ್, ನಮ್ಮ ನಾಯಿಗೆ ತಂದ ಹುಳದ ಔಷಧಿ ಮನೇಲಿದೆ. ಒಂದು ಹನಿ ಹಾಕ್ಲಾ?" ಎಂದ.

ತೋರಿಸು ಎಂದೆ. ಸೀಸೆಯ ಮೇಲೆ ಐವರ್‌ಮೆಕ್ಟಿನ್ ಎಂದಿತ್ತು. ನಾಯಿ, ದನಗಳಿಗೆ ಕೊಡುವ ಈ ಔಷಧಿ ಆಮೆಗೆ ವಿಷ. ಕೈಕಾಲು ಸೋತು ಸಾಯಬಹುದು. ಹುಡುಗ ಕೇಳಿದ್ದೇ ಒಳ್ಳೆಯದಾಯಿತು.

ಆಮೆಯ ಕರುಳಿನಲ್ಲಿ ಹುಳುಗಳೂ ಏಕಕೋಶದ ಪರೋಪಜೀವಿಗಳೂ ಇರುವುದು ವಿಶೇಷವೇನಲ್ಲ. ಕೆರೆಯ ಆಮೆ ಹಿಕ್ಕೆ ಹಾಕಿ ಮುಂದೆ ಈಜಿಹೋಗುತ್ತದೆ. ತೊಟ್ಟಿಯ ಆಮೆ ಎಲ್ಲಿಗೆ ಹೋದೀತು? ಹಿಕ್ಕೆಯೊಂದಿಗೆ ಬಿದ್ದ ಮೊಟ್ಟೆಗಳು ಅದೇ ನೀರಿನಲ್ಲಿ ಮತ್ತೆ ಅದರ ಬಾಯಿಗೆ, ಜೊತೆಗಾರನ ಬಾಯಿಗೂ ಸೇರುತ್ತವೆ. (ಕೆಲವು ಹುಳುಗಳಿಗೆ ಮಾತ್ರ ನಡುವೆ ಬಸವನಹುಳುವಿನಂಥ ಇನ್ನೊಂದು ಜೀವಿ ಬೇಕು.) ಆದ್ದರಿಂದ ಸೊರಗಿದ್ದನ್ನು ಬೇರೆ ತೊಟ್ಟಿಗೆ ಹಾಕಿಸಿದೆ. ತಾಜಾ ಹಿಕ್ಕೆಯನ್ನು ಡಬ್ಬಿಯಲ್ಲಿ ಪಶುವೈದ್ಯರಿಗೆ ಒಯ್ದರೆ ಸೂಕ್ಷ್ಮದರ್ಶಕದಲ್ಲಿ ನೋಡಿ, ಆಮೆಯನ್ನು ತೂಗಿ ಔಷಧಿ ಕೊಡುತ್ತಾರೆ. ಹೊಸ ಆಮೆ ತಂದರೂ ಕೆಲವು ವಾರ ಬೇರೆಯೇ ಇಡಬೇಕು.

ತಾಯಿಯ ಆತಂಕ ಬೇರೆ: "ಮಕ್ಕಳಿಗೆ ಹತ್ತುತ್ತಾ?" ಹುಳುಗಳಿಗಿಂತ ಹೆದರಬೇಕಾದ್ದು ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಕ್ಕೆ. ಆರೋಗ್ಯವಾಗಿ ಕಾಣುವ ಆಮೆಯಲ್ಲೂ ಅದಿರುತ್ತದೆ. ಇದೇ ಕಾರಣಕ್ಕೆ ಅಮೆರಿಕ 1975ರಲ್ಲಿ 4 ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟ ನಿಷೇಧಿಸಿತು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ತೊಟ್ಟಿಯ ನೀರನ್ನು ಅಡುಗೆಮನೆಯ ಸಿಂಕಿಗೆ ಸುರಿಯಬೇಡಿ.

"ಹಾಗಾದ್ರೆ ಮಲ್ಲತ್ತಹಳ್ಳಿ ಕೆರೆಗೆ ಬಿಟ್ಟುಬಿಡೋಣ" ಎಂದರು ಆಕೆ. ಅದಂತೂ ಬೇಡವೇ ಬೇಡ. ಇದು ಅಮೆರಿಕ ಮೂಲದ ಆಮೆ. ಅದು ಕೆರೆಗಿಳಿದರೆ ಅದರ ಹೊಟ್ಟೆಯ ಹುಳುಗಳೂ ಇಳಿಯುತ್ತವೆ, ನಮ್ಮೂರ ಆಮೆಗಳ ನಡುವೆ.